ಹದಿನೇಳು ನಂಬರಿನ ಗ್ಯಾಸ್ಕೆಟ್

ನಾನು ನಿಂತಿದ್ದದ್ದು ನಮ್ಮ ಮನೆಯ ಅಂಗಳದಲ್ಲಿ, ನಲ್ಲಿಯ ಪಕ್ಕ, ಗೇಟಿನಿಂದ ಆರು ಹೆಜ್ಜೆ ಒಳಗೆ. ಎಡಗೈಯಲ್ಲಿ ಬೋರ್‌ವೆಲ್ ನೀರಿನ ಪ್ಲಾಸ್ಟಿಕ್ ಜಗ್ ಇತ್ತು. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು, ಮೂರನೇ ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲು. ಊರು ಛತ್ರಪತಿ ಸಂಭಾಜಿನಗರ. ವಾಳೂಜಿನ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿರುವ ನಮ್ಮ ಕಾಲೊನಿ. ನನ್ನ ಕಾರಿನ ಬಾನೆಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮೆಕ್ಯಾನಿಕ್ ಅಫ್ಸರ್ ಭಾಯಿ ಇಂಜಿನ್ನಿನ ಮೇಲ್ಭಾಗವನ್ನು, ಅವರು ಹೆಡ್ ಎನ್ನುವ ಅಲ್ಯೂಮಿನಿಯಂ ಗಡ್ಡೆಯನ್ನು, ಎರಡೂ ಕೈಯಲ್ಲಿ ಎತ್ತಿ ಕಟ್ಟೆಯ ಮೇಲೆ ಹಾಸಿದ್ದ ಗೋಣಿಚೀಲದ ಮೇಲಿಟ್ಟರು. ಅದರ ಅಡಿಗೆ ಅಂಟಿದ್ದ ತೆಳ್ಳನೆಯ ಉಕ್ಕಿನ ತಗಡನ್ನು, ಅಂದರೆ ಗ್ಯಾಸ್ಕೆಟ್ಟನ್ನು, ಬಿಡಿಸಿ, ಸ್ಟೂಲಿನ ಮೇಲೆ ಕೂತಿದ್ದ ಎದುರುಮನೆಯ ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದರ ಒಂದು ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಮ್ಮೆ, ಮತ್ತೊಮ್ಮೆ. ಆಮೇಲೆ ಅಂದರು:

"ಹದಿನೇಳು. ನಂದೇ ಅದ."

ಇಷ್ಟು ಲೆಕ್ಕ ಹಿಡಿದು ಬರೆಯಲು ಕಾರಣವಿದೆ. ಅಕ್ಕ ಹೋದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ಅರವತ್ತಾರು ದಾಟಿತ್ತು. ಕಾಲೊನಿಯ ಸಭಾಗೃಹದಲ್ಲಿ ನಡೆದ ಶ್ರದ್ಧಾಂಜಲಿಯಲ್ಲಿ ಅವರ ಹಳೆಯ ಸೂಪರ್‌ವೈಸರ್ ಎದ್ದು ನಿಂತು, ಪ್ರೀತಿಯಿಂದಲೇ, ಒಂದು ಮಾತು ಹೇಳಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಈ ತಾಯಿಯ ಕೈತಪ್ಪಿ ಹೋದದ್ದು ಒಂದೇ ಒಂದು ಗ್ಯಾಸ್ಕೆಟ್. ಅದನ್ನೂ ತಾವೇ ಫೋನ್ ಮಾಡಿ ಒಪ್ಪಿಕೊಂಡರು. ಅಂಥ ಪ್ರಾಮಾಣಿಕರು ಎಂದರು. ಸಭೆ ತಲೆದೂಗಿತು. ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ ನಾನಿದ್ದೆ. ಆ ಒಂದು ಗ್ಯಾಸ್ಕೆಟ್ ನನ್ನ ಕಾರಿನದು. ಅದು ಅವರ ಕೈತಪ್ಪಿ ಹೋದದ್ದಲ್ಲ. ಏಳಬೇಕೆಂದು ಕುರ್ಚಿಯ ಹಿಡಿ ಹಿಡಿದೆ. ಅಷ್ಟರಲ್ಲಿ ಎಲ್ಲರೂ ಮೌನಾಚರಣೆಗೆ ಎದ್ದು ನಿಂತರು. ನಾನೂ ಅವರ ಜೊತೆ ಎದ್ದು ಸುಮ್ಮನೆ ನಿಂತೆ.

ಮರುದಿನ ಸೂಪರ್‌ವೈಸರರ ಮನೆಗೆ ಹೋಗಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿಬಂದೆ. ಆದರೆ ಆ ಸಭೆಯಲ್ಲಿ ಬೀದರ, ಕಲಬುರಗಿ ಕಡೆಯ ನಮ್ಮ ಮಂದಿಯೇ ಅರ್ಧಕ್ಕರ್ಧ ಇದ್ದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಹುಮನಾಬಾದ್ ಕಡೆಯವರು. ಗಂಡನ ಜೊತೆ ವಾಳೂಜಿಗೆ ಬಂದರು. ಗಂಡ ಹೋದ ಮೇಲೆ ಗ್ಯಾಸ್ಕೆಟ್ ಮಾಡುವ ಕಾರ್ಖಾನೆಯೊಂದನ್ನು ಸೇರಿದರು. ಮೊದಲು ಪ್ಯಾಕಿಂಗಿಗೆ, ಆಮೇಲೆ ತಪಾಸಣೆಯ ಮೇಜಿಗೆ. ಮೇಜಿನ ಮೇಲೆ ಹಾಲುಬಣ್ಣದ ಗಾಜು, ಅದರ ಕೆಳಗೆ ಟ್ಯೂಬ್‌ಲೈಟು. ಒಂದೊಂದೇ ತಗಡನ್ನು ಎತ್ತಿ ಬೆಳಕಿಗೆ ಹಿಡಿಯಬೇಕು, ಅಂಚಿನುದ್ದಕ್ಕೂ ಬೆರಳು ಆಡಿಸಬೇಕು, ಸರಿಯಿದ್ದರೆ ಮೂಲೆಯಲ್ಲಿ ತನ್ನ ನಂಬರಿನ ಅಚ್ಚು ಹೊಡೆಯಬೇಕು. ಅವರ ನಂಬರು ಹದಿನೇಳು.

ಆ ಚಾಳಿ ಮನೆಗೂ ಬಂದಿತ್ತು. ಹಪ್ಪಳವಾಗಲಿ, ಸೀರೆಯಾಗಲಿ, ಸ್ಟೀಲಿನ ಲೋಟವಾಗಲಿ, ಕೈಗೆ ಸಿಕ್ಕದ್ದನ್ನೆಲ್ಲ ಮೊದಲು ಬೆಳಕಿಗೆ ಹಿಡಿದು ನೋಡುವರು. ಕಾಲೊನಿಯ ಮಕ್ಕಳು ಅವರನ್ನು 'ಚೆಕಿಂಗ್ ಮಾವಶಿ', ಅಂದರೆ ತಪಾಸಣೆಯ ಚಿಕ್ಕಮ್ಮ, ಎನ್ನುತ್ತಿದ್ದವು. ನನ್ನದು ಔಷಧ ಅಂಗಡಿ. ಬಿ.ಪಿ. ಗುಳಿಗೆಗೆ ಬಂದಾಗಲೆಲ್ಲ ಪಟ್ಟಿಯನ್ನು ಎತ್ತಿ ಹಿಡಿದು ಒಂದೊಂದೇ ಗುಳ್ಳೆಯನ್ನು ಒತ್ತಿ ನೋಡುವರು. "ಏಳನೇದರಾಗಿನ ಗುಳಗಿ ಒಡದದ ನೋಡ್ರಿ, ಮೆಡಿಕಲ್‌ನೋರ," ಎಂದರು ಒಮ್ಮೆ. ಬಿಚ್ಚಿ ನೋಡಿದರೆ ಏಳನೆಯದು ಎರಡು ಚೂರಾಗಿತ್ತು.

ನನ್ನ ಹೆಂಡತಿ ಶೋಭಾ ಮಾಡಿದ ಜೋಳದ ರೊಟ್ಟಿಯನ್ನೂ ಬಿಟ್ಟವರಲ್ಲ. ಕಿಟಕಿಗೆ ಹಿಡಿದು, "ನಡುವ ಬೆಳಕು ಕಾಣ್ಲಾಕತ್ತದ," ಎನ್ನುವರು.

"ಅಕ್ಕಾ, ಅದು ತಿನ್ಲಾಕ ಮಾಡೀನ್ರಿ. ಇಂಜಿನ್ನಿಗಿ ಹಾಕ್ಲಾಕಲ್ಲ."

"ಹೊಟ್ಟಿ ಅಂದ್ರ ಮತ್ತೇನವ್ವ? ಅದೂ ಇಂಜಿನ್ನೇ."

ಆ ತಗಡು ಏನು ಕೆಲಸ ಮಾಡುತ್ತದೆಂದು ನಾನು ಒಂದು ಸಲ ಕೇಳಿದ್ದೆ. ಅಕ್ಕ ಒಂದು ಅಂಗೈಯ ಮೇಲೆ ಇನ್ನೊಂದನ್ನು ಒತ್ತಿ ಹಿಡಿದು ತೋರಿಸಿದರು. "ಇದು ಇಂಜಿನ್ನು, ಇದು ಅದರ ತಲಿ. ಬೆಂಕಿ, ನೀರು, ಎಣ್ಣಿ ಮೂರೂ ಇದರಾಗೇ ತಿರಗ್ತಾವ. ಒಂದಕ್ಕೊಂದು ಮುಟ್ಟಬಾರದು. ನಡುವ ಕೂತು ಹಿಡಿಯೋದು ಇದೊಂದೇ."

"ಅದನ್ನ ಕೂಡ್ಸೋದು ನೋಡೀರೇನು?"

"ಎಲ್ಲಿಂದ ನೋಡ್ಲಿರಿ. ಡಬ್ಬದಾಗ ಹಾಕಿ ಕಳಸ್ತಿದ್ದೆವು. ಮಗಳನ್ನ ಕೊಟ್ಟೀನಿ, ಮನಿ ನೋಡಿಲ್ಲ."

ನಾನು ಆರು ವರ್ಷ ಹಳೆಯ ಕಾರು ಕೊಂಡಾಗ ಅಕ್ಕ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, "ಈ ಗಾಡಿಗಿ ನಮ್ಮ ಮಾಲೇ ಹೋಗ್ತಿತ್ತು," ಎಂದಿದ್ದರು. ಹೆಮ್ಮೆಯಿಂದ ಅಂದರೆಂದೇ ಆಗ ತಿಳಿದೆ. ಹೆಮ್ಮೆಯೊಂದೇ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಕೆಲಸದ ಕೊನೆಯ ಎರಡು ವರ್ಷ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಹೇಳಿದರೆ ಬೆಳಕಿನ ಮೇಜಿನಿಂದ ತೆಗೆದು ಮತ್ತೆ ಪ್ಯಾಕಿಂಗಿಗೆ ಹಾಕುತ್ತಾರೆಂದು ಯಾರಿಗೂ ಹೇಳಲಿಲ್ಲ. ಬೆಳಕಿಗೆ ಹಿಡಿದಂತೆ ಮಾಡಿ, ಬೆರಳಿನಿಂದಲೇ ನೋಡಿ ನಂಬರು ಹೊಡೆದರು. ನನ್ನ ಕಾರು ಆ ವರ್ಷಗಳದ್ದು.

ನಾಸಿಕದಲ್ಲಿರುವ ಮಗಳು ಜ್ಯೋತಿ ಬಹಳ ದಿನ ಹಟ ಹಿಡಿದು, ಅಲ್ಲಿನ ಕಣ್ಣಿನ ಆಸ್ಪತ್ರೆಯಲ್ಲಿ ಅವ್ವನ ಆಪರೇಷನ್ನಿಗೆ ದಿನ ಗೊತ್ತುಮಾಡಿದಳು. ಕರೆದುಕೊಂಡು ಹೋಗುತ್ತೇನೆಂದು ನಾನು ಒಪ್ಪಿದೆ. ವೈಜಾಪುರ ದಾಟಿ ಸ್ವಲ್ಪ ದೂರಕ್ಕೆ ಬಿಸಿಯ ಮುಳ್ಳು ಕೆಂಪಿಗೆ ಹೋಯಿತು, ಹಿಂದಿನಿಂದ ಬಿಳಿ ಹೊಗೆ ಬಂತು, ಕಾರು ನಿಂತಿತು. ಒಂದು ಟೆಂಪೋಗೆ ಹಗ್ಗ ಕಟ್ಟಿ ಎಳೆಸಿಕೊಂಡು ಊರಿಗೆ ಮರಳಿದೆವು. ಆಸ್ಪತ್ರೆಯವರು ಮೂರು ವಾರ ಬಿಟ್ಟು ಇನ್ನೊಂದು ದಿನ ಕೊಟ್ಟರು.

ಅಫ್ಸರ್ ಭಾಯಿ ಕಾರ್ಖಾನೆಯ ಕೆಲಸಗಾರ. ರಜೆಯ ದಿನ ಮನೆಗೇ ಬಂದು ಗಾಡಿ ರಿಪೇರಿ ಮಾಡುತ್ತಾರೆ. ನೋಡಿದ ಕೂಡಲೇ, "ಹೆಡ್ ಗ್ಯಾಸ್ಕೆಟ್ ಗಯಾ," ಎಂದರು. ಪಕ್ಕದಲ್ಲಿದ್ದ ಅಕ್ಕನ ಮುಖ ನಾನು ಕಂಡೆ. "ಬಿಚ್ಚೋ ದಿನ ನನಗ ಕರೀರಿ," ಎಂದಷ್ಟೇ ಹೇಳಿ ಹೋದರು.

ಹೀಗೆ ಆ ಭಾನುವಾರ ಬಂತು. ಅಫ್ಸರ್ ಭಾಯಿ ನನ್ನ ಅಂಗಡಿಯ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಹೆಡ್ಡಿನ ಚಿತ್ರ ಬರೆದುಕೊಂಡು, ಬಿಚ್ಚಿದ ಹತ್ತು ಬೋಲ್ಟುಗಳನ್ನೂ ಅವುಗಳ ಜಾಗದಲ್ಲೇ ಚುಚ್ಚಿಟ್ಟರು. ಅಕ್ಕ ಅದನ್ನು ಕಣ್ಣು ಕಿರಿದು ಮಾಡಿ ನೋಡಿ ಮೆಚ್ಚಿದರು. ಆಮೇಲೆ ಹೆಡ್ ಎದ್ದಿತು, ತಗಡು ಕೈಗೆ ಬಂತು, ಹದಿನೇಳು ಎಂದರು. ಎರಡನೇ ಮತ್ತು ಮೂರನೇ ದೊಡ್ಡ ತೂತಿನ ನಡುವೆ ತಗಡು ಕಪ್ಪಗೆ ಸುಟ್ಟಿತ್ತು. ಅಲ್ಲಿ ಅವರ ಬೆರಳು ನಿಂತಿತು.

ಅದೇ ಹೊತ್ತಿಗೆ ಅಫ್ಸರ್ ಭಾಯಿ ಹೆಡ್ಡಿನ ನೀರಿನ ದಾರಿಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದರು. ಬಿಳಿಯ ಹಕ್ಕಳೆ ಉದುರಿತು. ನಮ್ಮ ಕಾಲೊನಿಯ ಚಹಾ ಪಾತ್ರೆಗಳ ತಳದಲ್ಲಿ ಕೂರುವ ಸುಣ್ಣದ ಹಕ್ಕಳೆಯೇ ಅದು.

"ಪಾನಿ ಕೌನ್ಸಾ ಡಾಲ್ತೇ ಥೇ, ಸೇಠ್?" ಎಂದು ಯಾವ ನೀರು ಹಾಕುತ್ತಿದ್ದೆನೆಂದು ಕೇಳಿದರು.

"ಕೂಲಂಟ್," ಎಂದೆ.

ಅವರು ನನ್ನ ಕೈಯಲ್ಲಿದ್ದ ಜಗ್ಗನ್ನು ನೋಡಿದರು. ಮತ್ತೆ ಕೆರೆಯತೊಡಗಿದರು.

ನಿಜ ಏನೆಂದರೆ, ಹದಿನಾಲ್ಕು ತಿಂಗಳ ಹಿಂದೆ ಕಾರಿನ ಒಂದು ಪೈಪು ಒಡೆದು ಕೂಲಂಟ್ ಎಲ್ಲ ಸೋರಿಹೋಗಿತ್ತು. ಪೈಪು ಬದಲಿಸಿದ ದಿನ, ಸದ್ಯಕ್ಕಿರಲಿ ಎಂದು ಬೋರಿನ ನೀರು ತುಂಬಿದೆ. ಸದ್ಯಕ್ಕೆ ಎಂದದ್ದು ಹದಿನಾಲ್ಕು ತಿಂಗಳಾಯಿತು. ನಮ್ಮಲ್ಲಿ ಕುಡಿಯುವ ನೀರು ಸರದಿಯ ಮೇಲೆ ಬರುತ್ತದೆ, ಉಳಿದದ್ದಕ್ಕೆಲ್ಲ ಬೋರು. ಕಾರೂ ಆ ಉಳಿದದ್ದರಲ್ಲಿ ಸೇರಿಬಿಟ್ಟಿತ್ತು. ಕೊನೆಯ ಒಂದು ತಿಂಗಳು ಮುಳ್ಳು ಮೇಲೇರುತ್ತಿದ್ದದ್ದನ್ನು ನಾನು ನೋಡಿದ್ದೆ. ಬಿಸಿಗೆ ನೀರು ಮುಚ್ಚಳದಿಂದ ಉಕ್ಕುತ್ತಿತ್ತು. ಮೂರು ದಿನಕ್ಕೊಂದು ಜಗ್ ಸುರಿದು ಸುಮ್ಮನಾಗುತ್ತಿದ್ದೆ. ನನ್ನ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರಿನ ಬಾಟಲಿಗಳಿಗೇ ಒಂದು ಖಾನೆ ಇದೆ.

ಅಕ್ಕ ತಗಡನ್ನು ಮಡಿಲಲ್ಲಿ ಇಟ್ಟುಕೊಂಡು ಐದು ನಿಮಿಷ ಕೂತಿದ್ದರು. ಆಮೇಲೆ ಎದ್ದು, "ತಪ್ಪಾತ್ರಿ ಮೆಡಿಕಲ್‌ನೋರ, ನನ್ನಿಂದ ನಿಮ್ಮ ಗಾಡಿ ಕೆಡ್ತು," ಎಂದು ಹೇಳಿ, ತಗಡನ್ನು ಹಿಡಿದುಕೊಂಡೇ ಮನೆಗೆ ನಡೆದರು. ನಾನು ಜಗ್ಗನ್ನು ನಲ್ಲಿಯ ಕೆಳಗಿಟ್ಟೆ.

ಸಂಜೆ ಶೋಭಾ ಅವರಿಗೆ ಪಲ್ಯ ಕೊಟ್ಟು ಬಂದಳು. ಬಂದವಳು ಅಡುಗೆಮನೆಗೆ ಹೋಗದೆ ನನ್ನ ಮುಂದೆ ಕೂತಳು.

"ಅಕ್ಕ ಆಪರೇಷನ್ ಬ್ಯಾಡ ಅಂದ್ರು. ಜ್ಯೋತಿಗಿ ಫೋನ್ ಮಾಡಿ ಹೇಳ್ಯಾರಂತ. ಸೂಪರ್‌ವೈಸರಗೂ ಫೋನ್ ಮಾಡಿ ನಂದು ಒಂದು ಫೇಲ್ ಆತು ಅಂದಾರಂತ. 'ಕಾಣಲಾರದ ಕಣ್ಣಿಲೆ ಎರಡು ವರ್ಷ ನಂಬರ್ ಹೊಡದೀನಿ. ಎಷ್ಟು ಮಂದಿ ಗಾಡಿ ರಸ್ತಾದಾಗ ನಿಂತವೋ. ಈಗ ಕಣ್ಣು ತಗೊಂಡು ಏನ್ ಮಾಡ್ಲಿ' ಅಂದ್ರು."

ನಾನು ಶೋಭಾಗೆ ಎಲ್ಲ ಹೇಳಿದೆ. ಆಕೆ ಅಂದಳು: "ಮಂದಿಗಿ ಡಿಸ್ಟಿಲ್ಡ್ ವಾಟರ್ ಮಾರ್ತೀರಿ, ಗಾಡಿಗಿ ಬೋರಿಂದು ಕುಡಿಸ್ತೀರಿ. ಅದು ಇರ್ಲಿ. ನಾಳೆ ಮುಂಜಾನೆ ಅಫ್ಸರ್ ಭಾಯಿ ಹೆಡ್ ಒಯ್ಲಾಕ ಬರ್ತಾರ. ಗೊತ್ತದಲ್ಲ?"

ಗೊತ್ತಿತ್ತು. ಹೆಡ್ ಚಿಕಲಠಾಣಾದ ಒಂದು ವರ್ಕ್‌ಶಾಪಿಗೆ ಹೋಗುವುದಿತ್ತು. ಅಲ್ಲಿ ಅದನ್ನು ತೊಳೆದು, ಅಡಿಯನ್ನು ಸಮಕ್ಕೆ ಉಜ್ಜಿ ಕೊಡುತ್ತಾರೆ. ತೊಳೆದರೆ ಸುಣ್ಣ ಹೋಗುತ್ತದೆ. ಉಜ್ಜಿದರೆ, ಹೆಡ್ ಬಿಸಿಗೆ ಬಾಗಿದ್ದರೆ ಆ ಬಾಗೂ ಹೋಗುತ್ತದೆ. ಆಮೇಲೆ ಉಳಿಯುವುದು ಅಕ್ಕನ ನಂಬರಿದ್ದ ಸುಟ್ಟ ತಗಡು ಮಾತ್ರ.

ನಾನು ಸುಮ್ಮನಿದ್ದದ್ದು ಭಾನುವಾರ ಹನ್ನೊಂದೂಕಾಲಿನಿಂದ ಸೋಮವಾರ ಬೆಳಿಗ್ಗೆ ಎಂಟರವರೆಗೆ. ಎಂಟಕ್ಕೆ ಅಫ್ಸರ್ ಭಾಯಿ ರಾತ್ರಿ ಪಾಳಿ ಮುಗಿಸಿ ಬಂದರು, ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟು ಹಗ್ಗ ಬಿಗಿದರು. ಕಿಕ್ ಹೊಡೆಯಲು ಕಾಲೆತ್ತಿದಾಗ ನಾನು ಅವರ ತೋಳು ಹಿಡಿದು, ಎರಡು ನಿಮಿಷ ನಿಲ್ಲಲು ಹೇಳಿ, ಎದುರುಮನೆಗೆ ಹೋದೆ.

ಅಕ್ಕ ಬಾಗಿಲಲ್ಲಿ ಕೂತು ಕೊತ್ತಂಬರಿ ಸೋಸುತ್ತಿದ್ದರು.

"ಅಕ್ಕಾ, ನಿಮ್ಮ ಗ್ಯಾಸ್ಕೆಟಿಂದ ತಪ್ಪಿಲ್ಲ. ನಾ ಹದಿನಾಲ್ಕು ತಿಂಗಳು ಗಾಡಿಗಿ ಬೋರಿನ ನೀರು ಹಾಕೀನಿ. ಕೂಲಂಟ್ ಅಂತ ನಿನ್ನೆ ಸುಳ್ಳು ಹೇಳ್ದೆ."

ಅವರು ತಲೆ ಎತ್ತಲಿಲ್ಲ. "ನನಗ ಸಮಾಧಾನ ಆಗ್ಲಿ ಅಂತ ಹೇಳ್ಲಾಕತ್ತೀರೇನು?"

"ಇಲ್ರಿ. ಖರೇ ಹೇಳ್ಲಾಕತ್ತೀನಿ."

"ಬಾಯಿ ಮಾತಿನ ಮ್ಯಾಲ ನಾ ಯಾವತ್ತೂ ನಂಬರ್ ಹೊಡದಿಲ್ರಿ," ಎಂದು ಕೊತ್ತಂಬರಿಯನ್ನು ಮೊರಕ್ಕೆ ಹಾಕಿ ಎದ್ದರು. "ತೋರಸ್ರಿ."

ಒಳಗೆ ಹೋಗಿ ಒಂದು ಸಣ್ಣ ಚೀಲ ತಂದರು. ಅದರಲ್ಲಿ ಸುಟ್ಟ ತಗಡಿತ್ತು. ಮತ್ತೆ ನಿವೃತ್ತಿಯ ದಿನ ಜೊತೆಗಾರ್ತಿಯರು ಕೊಟ್ಟ ಫೀಲರ್ ಗೇಜು, ಅಂದರೆ ಸಂದು ಅಳೆಯಲು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಸಳುಗಳ ಕಟ್ಟು. ಹೆಡ್ ಮತ್ತೆ ಕಟ್ಟೆಯ ಮೇಲೆ ಬಂತು. ಅಕ್ಕ ಅದನ್ನು ಮಗುಚಿಸಿ, ಅಡಿಯ ಮೇಲೆ ಅಫ್ಸರ್ ಭಾಯಿಯ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿದರು. ಪಟ್ಟಿಗೂ ಹೆಡ್ಡಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಅವರಿಗೆ ಕಾಣಲಿಲ್ಲ. ಎಸಳುಗಳ ಕಟ್ಟನ್ನು ಶೋಭಾಳ ಕೈಗೆ ಕೊಟ್ಟರು.

"ಎಲ್ಲಾಕಿಂತ ತೆಳ್ಳಂದು ತೂರ್ಸವ್ವ. ದಬ್ಬಬ್ಯಾಡ."

ಎರಡೂ ತುದಿಗಳಲ್ಲಿ ಎಸಳು ಹೋಗಲಿಲ್ಲ. ನಡುವೆ ಹೋಯಿತು. ಅದಕ್ಕಿಂತ ದಪ್ಪದ್ದೂ ಹೋಯಿತು. ಅದಕ್ಕೂ ದಪ್ಪದ್ದು ಹೋಯಿತು.

"ತಲಿ ಬಾಗ್ಯಾದ," ಎಂದರು ಅಕ್ಕ. ಆದರೂ ಒಪ್ಪಲಿಲ್ಲ. "ಗ್ಯಾಸ್ಕೆಟ್ ಮೊದಲು ಹೋಗಿ, ನೀರು ಸೋರಿ, ಕಾಯ್ದು ಬಾಗಿತೋ? ಇಲ್ಲ, ಮೊದಲೇ ಕಾಯ್ದು ಬಾಗಿ ಗ್ಯಾಸ್ಕೆಟ್ ಸುಟ್ಟಿತೋ?"

ಅಫ್ಸರ್ ಭಾಯಿ ರೇಡಿಯೇಟರನ್ನು ಬಿಚ್ಚಿ ತಂದರು. ನೀರನ್ನು ತಂಪು ಮಾಡುವುದು ಅದೇ. ಗೋಡೆಗೆ ನಿಲ್ಲಿಸಿ ಮೇಲಿನ ಬಾಯಿಗೆ ಜಗ್ಗಿನಿಂದ ನೀರು ಸುರಿದರು. ಮೇಲೆ ತುಂಬಿ ಚೆಲ್ಲಿತು. ಕೆಳಗಿನ ಬಾಯಿಂದ ಹನಿ, ಹನಿ. ನಾವು ನಾಲ್ವರೂ ಆ ಹನಿಗಳನ್ನು ನೋಡುತ್ತ ನಿಂತೆವು. ಅಕ್ಕ ಕೆಳಗೆ ಅಂಗೈ ಹಿಡಿದರು. ನೂರಾರು ಸಣ್ಣ ಕೊಳವೆಗಳು ಸುಣ್ಣಗಟ್ಟಿ ಮುಚ್ಚಿದ್ದವು. ಅಂದರೆ ಕಾಯ್ದದ್ದು ಮೊದಲು, ಗ್ಯಾಸ್ಕೆಟ್ ಸುಟ್ಟದ್ದು ಆಮೇಲೆ.

"ಮೈ ತೋ ಕಲ್ ಹೀ ಸಮಝ್ ಗಯಾ ಥಾ," ಎಂದರು ಅಫ್ಸರ್ ಭಾಯಿ. ನಿನ್ನೆಯೇ ತಿಳಿದಿತ್ತಂತೆ. ಅಕ್ಕ ಅವರತ್ತ ತಿರುಗಿ ದಖನಿಯಲ್ಲೇ ದಬಾಯಿಸಿದರು: ಮತ್ತೆ ಬಾಯಿಗೆ ಏನಾಗಿತ್ತು? ಅವರು ಕೈ ಒರೆಸಿಕೊಳ್ಳುತ್ತ ಅಂದರು, "ಗಾಡಿ ಸೇಠ್ ಕೀ, ಝೂಟ್ ಭೀ ಸೇಠ್ ಕಾ. ಮೈ ಕಾಯ್ಕು ಬೋಲೂಂ?" ಗಾಡಿಯೂ ನನ್ನದು, ಸುಳ್ಳೂ ನನ್ನದು, ತಾನೇಕೆ ಹೇಳಬೇಕಂತೆ. ಶೋಭಾ ಸೆರಗು ಬಾಯಿಗೆ ಇಟ್ಟುಕೊಂಡಳು.

ಅಕ್ಕ ನಗಲಿಲ್ಲ. ಕಾಗದ ತರಲು ಹೇಳಿದರು. ಅಂಗಡಿಯ ಚೀಟಿಯೊಂದರ ಹಿಂಬದಿಯಲ್ಲಿ, ಅವರು ಹೇಳಿದ ಹಾಗೆ ನಾನು ಬರೆದೆ. ಮಾಲು: ಹೆಡ್ ಗ್ಯಾಸ್ಕೆಟ್. ನಂಬರು: ಹದಿನೇಳು. ದೋಷ: ಸುಟ್ಟಿದೆ. ಕಾರಣ: ಬೋರಿನ ನೀರು, ರೇಡಿಯೇಟರ್ ಬಂದ್. ತಪ್ಪು: ಗಾಡಿಯ ಮಾಲಕ. ನನ್ನ ಸಹಿ ಹಾಕಿದೆ. ಅವರ ಸಹಿಗೆ ಜಾಗ ಬಿಟ್ಟು ಪೆನ್ನು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ತಗಡು ಕಣ್ಣಿಲೆ ನೋಡೋತನ ನಾ ಸಹಿ ಮಾಡಾಂಗಿಲ್ಲ. ಬೆರಳಿಲೆ ನೋಡಿ ಮಾಡಿದ್ದು ಎರಡು ವರ್ಷ ಸಾಕಾತು." ಚೀಟಿಯನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ಮೊದಲ ಸಲ ನನ್ನನ್ನು 'ಮೆಡಿಕಲ್‌ನೋರ' ಎನ್ನುವ ಬದಲು ಸಂಬಂಧ ಹಿಡಿದು ಕರೆದರು. "ತಮ್ಮಾ, ಜ್ಯೋತಿಗಿ ಫೋನ್ ಹಚ್ಚು. ಆ ತಾರೀಖು ಹಂಗೇ ಇರ್ಲಿ ಅನ್ನು."

ಮುಂದಿನ ಭಾನುವಾರ ಅದೇ ಅಂಗಳದಲ್ಲಿ ಇಂಜಿನ್ ಕೂಡಿಸಿದೆವು. ಹೊಸ ರೇಡಿಯೇಟರ್, ಸಮ ಮಾಡಿದ ಹೆಡ್, ಹೊಸ ಗ್ಯಾಸ್ಕೆಟ್. ಅಂಗಳದ ಕೆಲಸವೆಂದು ಅಸಡ್ಡೆ ಸಲ್ಲದು ಎಂದು ಅಕ್ಕ ಮೊದಲೇ ನೆಲ ಸಾರಿಸಿ ನೀರು ಚಿಮುಕಿಸಿದ್ದರು, ಧೂಳು ಏಳಬಾರದೆಂದು. ಹೊಸ ಗ್ಯಾಸ್ಕೆಟ್ಟಿನ ಮೇಲೆ ಎಷ್ಟು ಹೊತ್ತು ಬೆರಳಾಡಿಸಿದರೆಂದರೆ ಅಫ್ಸರ್ ಭಾಯಿ ಒಂದು ಚಹಾ ಕುಡಿದು ಮುಗಿಸಿದರು. ಅದನ್ನು ಇಂಜಿನ್ನಿನ ಮೇಲೆ ಇಟ್ಟದ್ದು ಅಕ್ಕನೇ. ಎರಡು ಸಣ್ಣ ಗೂಟಗಳಿಗೆ ತೂತು ಕೂಡಿತು, ತಗಡು ತಾನಾಗಿ ಜಾಗ ಹಿಡಿದು ಕೂತಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳದೆ ಹಾಗೇ ಬಗ್ಗಿ ನಿಂತಿದ್ದರು. "ಮನಿ ಚೊಲೋ ಅದ," ಎಂದರು.

ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಒಂದೇ ಸಲಕ್ಕೆ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿಯಬೇಕು. ಶೋಭಾ ರಟ್ಟಿನ ಮೇಲಿನ ನಂಬರು ಓದುತ್ತಿದ್ದಳು, ಅಫ್ಸರ್ ಭಾಯಿ ಬಿಗಿಯುತ್ತಿದ್ದರು, ಬೋಲ್ಟು ತಿರುವುವ ಪಾನಾ ಕಟಕ್ ಎಂದಾಗ ಅಕ್ಕ "ಹಾಂ" ಎನ್ನುತ್ತಿದ್ದರು. ಮೂವತ್ತು ಸಲ ಹಾಂ ಎಂದರು. ಕೂಲಂಟ್ ಸುರಿದದ್ದು ನಾನು. ಬೆರೆಸಿದ ನೀರೂ ಡಿಸ್ಟಿಲ್ಡ್. ಕೀಲಿ ತಿರುವಿದಾಗ ಮೊದಲ ಸಲ ಹತ್ತಲಿಲ್ಲ. ಎರಡನೇ ಸಲ ಹತ್ತಿತು. ಹೊಗೆಯಿಲ್ಲ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಅಲ್ಲೇ ಇತ್ತು.

ಆ ತಾರೀಖಿಗೆ ಅದೇ ಕಾರಿನಲ್ಲಿ ನಾಸಿಕಕ್ಕೆ ಹೋದೆವು. ವೈಜಾಪುರ ದಾಟಿದಾಗ ಮುಳ್ಳು ಎಲ್ಲಿದೆ ಎಂದು ಅಕ್ಕ ಕೇಳಿದರು, ಯೇವಲಾದಲ್ಲಿ ಕೇಳಿದರು, ನಿಫಾಡದಲ್ಲಿ ದ್ರಾಕ್ಷಿ ಕೊಳ್ಳಲು ನಿಲ್ಲಿಸಿದಾಗಲೂ ಕೇಳಿದರು. ಅರ್ಧಕ್ಕದ ಅಕ್ಕಾ, ಎಂದೆ ಮೂರೂ ಸಲ.

ಆಪರೇಷನ್ನಿನ ಮೂರನೇ ದಿನ, ಬೆಳಿಗ್ಗೆ ಏಳೂವರೆ. ಸಾತಪುರದಲ್ಲಿ ಜ್ಯೋತಿಯ ಮನೆ ಎರಡನೇ ಮಹಡಿಯಲ್ಲಿ, ಪೂರ್ವಕ್ಕೆ ಗ್ಯಾಲರಿ. ನಾನು ಗ್ಯಾಲರಿಯ ಬಾಗಿಲಲ್ಲಿ ನಿಂತಿದ್ದೆ, ಶೋಭಾ ನನ್ನ ಬಲಕ್ಕೆ. ಅಕ್ಕ ಚೀಲದಿಂದ ಹಳೆಯ ತಗಡು ತೆಗೆದು, ಕಪ್ಪು ಕನ್ನಡಕವನ್ನು ಹಣೆಗೇರಿಸಿದರು. ಜ್ಯೋತಿ ಒಳಗಿನಿಂದ ಓಡಿಬಂದಳು. ವಾಳೂಜಿನಲ್ಲೇ ಹುಟ್ಟಿ ಬೆಳೆದವಳು; ಕನ್ನಡ ಅರ್ಧಕ್ಕೆ ಮರಾಠಿಯಾಗುತ್ತದೆ. "ಅವ್ವಾ, ಚಷ್ಮಾ ಕಾಢೂ ನಕೋ, ಡಾಕ್ಟರ್ ಏನ್ ಸಾಂಗಿತ್ಲಂ?" ಕನ್ನಡಕ ತೆಗೆಯಬೇಡ, ಡಾಕ್ಟರ್ ಏನು ಹೇಳಿದ್ದರು ಎಂದು ರೇಗಿದಳು.

"ಎರಡು ಮಿನಿಟ್ ತಡಿಯವ್ವ. ಎಂಟು ವರ್ಷದ್ದು ಬಾಕಿ ಅದ."

ತಗಡನ್ನು ಆಕಾಶದ ಬೆಳಕಿಗೆ ಎತ್ತಿ ಹಿಡಿದರು. ಅಂಚಿನಿಂದ ಅಂಚಿಗೆ ನಿಧಾನ ಸರಿಸಿದರು. ತಿರುವಿ ಹಿಡಿದರು. ಸುಟ್ಟ ಜಾಗಕ್ಕೆ ಬಂದಾಗ ಬಹಳ ಹೊತ್ತು ನಿಂತರು. ಕೆಳಗೆ ಹಾಲಿನ ಗಾಡಿ ಬಂದು ಹೋಯಿತು.

"ಹುಟ್ಟಿನ ಕಲಿ ಬ್ಯಾರೆ ಇರ್ತದ, ಸುಟ್ಟ ಕಲಿ ಬ್ಯಾರೆ," ಎಂದರು. "ಇದು ಸುಟ್ಟಿದ್ದು. ಕಾಣದಿದ್ರೂ ಬೆರಳು ಖರೇ ನೋಡಿತ್ತು." ಚೀಟಿ ಬಿಡಿಸಿ, ಪೆನ್ನು ಕೇಳಿ, ಬಿಟ್ಟ ಜಾಗದಲ್ಲಿ ಹದಿನೇಳು ಎಂದು ಬರೆದರು. ಅದರ ಮುಂದೆ, ಪಾಸ್. ಕನ್ನಡಕ ಇಳಿಸುವ ಮೊದಲು ಒಮ್ಮೆ ನನ್ನತ್ತ ನೋಡಿದರು. "ತಮ್ಮಾ, ನಿನ್ನ ತಲಿ ಇಷ್ಟು ಬೆಳ್ಳಗಾಗ್ಯಾದೇನು? ಯಾರೂ ಹೇಳೇ ಇಲ್ಲ."

ಸೂಪರ್‌ವೈಸರರಿಗೆ ಮತ್ತೆ ಫೋನ್ ಮಾಡಿ ತಿಳಿಸಲು ಅವರಿಗೆ ತೋಚಲಿಲ್ಲ, ನನಗೂ ತೋಚಲಿಲ್ಲ. ಅವರ ಮಟ್ಟಿಗೆ ಅದು ಮುಗಿದಿತ್ತು. ಆಮೇಲಿನ ಎರಡು ವರ್ಷ ಅವರು ಕಾಲೊನಿಯ ಎಲ್ಲರ ರೊಟ್ಟಿಯಲ್ಲೂ ಹೊಸ ತೂತು ಹುಡುಕಿದರು.

ಆ ಚೀಟಿ ಅವರ ಪೆಟ್ಟಿಗೆಯಲ್ಲಿ ಸಿಗಲಿಲ್ಲವೆಂದು ಜ್ಯೋತಿ ಹೇಳಿದ್ದಾಳೆ. ತಗಡು ಸಿಕ್ಕಿತು. ಅದು ಈಗ ನನ್ನ ಅಂಗಡಿಯಲ್ಲಿ, ಡಿಸ್ಟಿಲ್ಡ್ ವಾಟರಿನ ಖಾನೆಯ ಮೇಲೆ ಮೊಳೆಗೆ ನೇತಾಡುತ್ತಿದೆ. ಯಾರು ಬೇಕಾದರೂ ಇಳಿಸಿ ಬೆಳಕಿಗೆ ಹಿಡಿದು ನೋಡಬಹುದು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಅಂಗಳದಲ್ಲಿ ರೇಡಿಯೇಟರಿನ ಹನಿಗಳನ್ನು ಕಂಡವರು: ಅಫ್ಸರ್ ಭಾಯಿ, ಈಗ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿದ್ದಾರೆ, ಭಾನುವಾರ ಸಿಗುತ್ತಾರೆ. ನನ್ನ ಹೆಂಡತಿ ಶೋಭಾ, ಎಸಳು ತೂರಿಸಿದವಳು. ನಾಸಿಕದ ಗ್ಯಾಲರಿಯಲ್ಲಿ ಅಕ್ಕ ಸಹಿ ಹಾಕಿದ್ದನ್ನು ಕಂಡವರು: ಮತ್ತೆ ಶೋಭಾ, ಅಕ್ಕನ ಮಗಳು ಜ್ಯೋತಿ, ಸಾತಪುರದಲ್ಲೇ ಇದ್ದಾಳೆ. ಎರಡೂ ಕಡೆ ಇದ್ದು, ಮೊದಲು ಸುಮ್ಮನಿದ್ದವನು ನಾನು.